ಏಳು ಚುಕ್ಕೆಯ ಜಿರಲೆಯೂ ಅದರ ಸಂತಾನವೃದ್ಧಿಯೂ

ಜಿರಲೆಯೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಪೊರಕೆಯನ್ನು ಹುಡುಕುವದು ವಾಡಿಕೆ. ಆದರೆ ಲೋಕದಲ್ಲಿರುವ 4,000ಕ್ಕೂ ಮಿಕ್ಕ ಜಿರಲೆಯ ಜಾತಿಗಳಲ್ಲಿ ಅಡಿಗೆಮನೆಯನ್ನು ಸೇರಿ ಉಪದ್ರವ ಕೊಡುವಂಥವು ಕೆಲವೇ. ಉಳಿದವುಗಳಲ್ಲಿ ಬಹಳವು ತರಗೆಲೆಗಳನ್ನು ತಿಂದು ಮಣ್ಣಿನ ಸಾರವನ್ನು ಹೆಚ್ಚಿಸುತ್ತಾ ಅಡವಿಯಲ್ಲಿಯೇ ಬಾಳುತ್ತವೆ. ಇಂಥವುಗಳಲ್ಲಿ ಒಂದಾದ ಏಳು ಚುಕ್ಕೆಯ ಜಿರಲೆಯನ್ನು ಕುರಿತು ಇಲ್ಲಿ ವಿಚಾರಿಸೋಣ.

ಇದು ದಕ್ಷಿಣ ಭಾರತದ ಕೀಟವು. ಉದ್ದವು ಸುಮಾರು ಒಂದು ಅಂಗುಲ. ಕಪ್ಪು ರೆಕ್ಕೆಗಳ ಮೇಲೆ ಏಳು ಬಿಳಿಯ ಚುಕ್ಕೆಗಳು. 1758ರಲ್ಲಿ ಲಿನೇಯಸ್ ಪಂಡಿತನು ಇದನ್ನು ದುಂಬಿಗಳ ಗುಂಪಿಗೆ ಸೇರಿಸಿ ಹೆಸರಿಟ್ಟನು. ಈಗ ಇದಕ್ಕೆ ಥೆರಿಯಾ ಪೆಟಿವೆರಿಯಾನ ಎಂಬ ಹೆಸರು ಸಲ್ಲುತ್ತದೆ. ಆಮ್ಲವನ್ನು ಚಿಮ್ಮುವ ಆರು ಚುಕ್ಕೆಯ ನೆಲದುಂಬಿಯನ್ನು ಇದು ಹೋಲುವದರಿಂದ ಶತ್ರುಗಳು ಹತ್ತಿರ ಬರಲು ಅಂಜುವವೆಂದು ಶಾಸ್ತ್ರಜ್ಞರು ಊಹಿಸುತ್ತಾರೆ. ಇದರ ಅಂದಕ್ಕೆ ಮೆಚ್ಚಿ ಪರದೇಶಗಳಲ್ಲಿಯೂ ಅನೇಕರು ಇದನ್ನು ಸಾಕುತ್ತಾರೆ.

ಸಾಕುವ ಕ್ರಮವು ಕಠಿಣವಲ್ಲ. ಗಾಳಿಯಾಡುವ ಮುಚ್ಚಳವುಳ್ಳ ಗಾಜಿನ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಎಲೆಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರಸಿ ಹರಡಿ, ಮೇಲೆ ಒಣ ತರಗೆಲೆಗಳನ್ನು ಹಾಕಬೇಕು. ತಳಭಾಗವು ತೇವವಾಗಿಯೂ ಮೇಲ್ಭಾಗವು ಒಣಗಿಯೂ ಇರತಕ್ಕದ್ದು. ಹಾಗಿದ್ದರೆ ಕೀಟವು ತನಗೆ ಹಿತವಾದ ಸ್ಥಳವನ್ನು ತಾನೇ ಆರಿಸಿಕೊಳ್ಳುವದು. ಉಷ್ಣಮಾನವು 25ರಿಂದ 30 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಉತ್ತಮ. ಬಾಳೆಹಣ್ಣು, ಸೌತೆಕಾಯಿ, ಧಾನ್ಯದ ಹಿಟ್ಟು, ಸ್ವಲ್ಪ ಒಣಮೀನಿನ ಪುಡಿ ಇವೇ ಆಹಾರ. ಉಳಿದ ಹಣ್ಣನ್ನು ಬೂಷ್ಟು ಹಿಡಿಯುವ ಮುಂಚೆ ತೆಗೆದುಬಿಡಬೇಕು. ಕೀಟನಾಶಕದ ಗಾಳಿಯೂ ಹತ್ತಿರ ಸುಳಿಯಕೂಡದು. ಪೆಟ್ಟಿಗೆಯನ್ನು ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಬೇಕೆಂಬದನ್ನು ಹೇಳಬೇಕಾಗಿಲ್ಲವಷ್ಟೆ.

ಗಂಡೂ ಹೆಣ್ಣೂ ಸೇರುವಂತೆ ಹತ್ತು ಹನ್ನೆರಡು ಪ್ರಾಯದ ಹುಳಗಳನ್ನು ಒಟ್ಟಿಗೆ ಬಿಡುವದು ಮೇಲು. ಹಗಲೆಲ್ಲಾ ಇವು ಮಣ್ಣಿನಲ್ಲಿ ಅಡಗಿದ್ದು ಸಂಜೆಯಲ್ಲಿ ಹೊರಗೆ ಸಂಚರಿಸುವವು. ಹೆಣ್ಣು ತನ್ನ ಮೊಟ್ಟೆಗಳನ್ನು ಗಟ್ಟಿಯಾದ ಚಿಕ್ಕ ಕೋಶದೊಳಗೆ ಸಾಲಾಗಿ ಇಟ್ಟು, ಆ ಕೋಶವನ್ನು ಮಣ್ಣಿನಲ್ಲಿ ಬಿಟ್ಟುಹೋಗುವದು. ಅಪರಿಚಿತರು ಅದನ್ನು ಯಾವದೋ ಗಿಡದ ಬೀಜವೆಂದು ಎಣಿಸಿಯಾರು.

ಇಲ್ಲಿಯೇ ಅನೇಕರು ಎಡವುತ್ತಾರೆ. ಪ್ರಾಯದ ಹುಳದ ಆಯುಸ್ಸು ಕೆಲವೇ ತಿಂಗಳು. ಮೊಟ್ಟೆಯೊಡೆಯುವದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಮರಿಯು ಪೊರೆಯನ್ನು ಮತ್ತೆ ಮತ್ತೆ ಕಳಚಿ ರೆಕ್ಕೆ ಪಡೆಯುವದಕ್ಕೆ ಅರ್ಧ ವರ್ಷಕ್ಕೂ ಮಿಕ್ಕ ಕಾಲವು ಹಿಡಿಯುವದು. ಆದಕಾರಣ ತಾಯಿತಂದೆಗಳೆಲ್ಲಾ ಸತ್ತು ಪೆಟ್ಟಿಗೆಯು ಬರಿದಾಗಿ ತೋರುವ ಕಾಲವೊಂದು ಬಂದೇ ಬರಬಹುದು. ಆಗ ಸಾಕಣೆಯು ಕೆಟ್ಟುಹೋಯಿತೆಂದು ಮಣ್ಣನ್ನು ತಿಪ್ಪೆಗೆ ಸುರಿದರೆ, ಜೀವವುಳ್ಳ ಸಂತಾನವನ್ನೇ ನಾವು ಎಸೆದಂತಾಗುವದು. ದಿನದಿನವೂ ಕೆದಕಿ ನೋಡುವದೂ ಅಷ್ಟೇ ಹಾನಿಕರ. ಪೊರೆ ಕಳಚಿದ ಮರಿಯು ಮೆತ್ತಗಿದ್ದು ಸ್ವಲ್ಪ ತಾಕಿದರೂ ನಾಶವಾಗುವದು.

ಆದುದರಿಂದ ಮೊದಲನೆಯ ಕೋಶವು ಕಂಡ ದಿನವನ್ನು ಪುಸ್ತಕದಲ್ಲಿ ಬರೆದಿಟ್ಟು, ತೇವವನ್ನೂ ಆಹಾರವನ್ನೂ ತಪ್ಪದೆ ಕೊಡುತ್ತಾ, ಒಂದು ವರ್ಷವಾದರೂ ಮಣ್ಣನ್ನು ಬಿಸಾಡದೆ ಕಾಯತಕ್ಕದ್ದು. ಇಟ್ಟ ಹಿಟ್ಟು ಬೆಳಿಗ್ಗೆಗೆ ಕಡಿಮೆಯಾಗಿದ್ದರೆ ಕೆಳಗೆ ಮರಿಗಳಿವೆಯೆಂದು ತಿಳಿಯಬಹುದು.

ತಾಯಂದಿರಾಗಿರುವ ನಮ್ಮ ಹಳೇ ವಿದ್ಯಾರ್ಥಿನಿಯರು ತಮ್ಮ ಮಕ್ಕಳು ಇಂಥ ಪೆಟ್ಟಿಗೆಯನ್ನು ಇಡಬಯಸಿದರೆ ಅಸಹ್ಯಪಟ್ಟು ತಡೆಯದಿರಲಿ. ಸೃಷ್ಟಿಕರ್ತನು ಅಲ್ಪಜೀವಿಗೂ ನೇಮಿಸಿರುವ ಕಾಲವನ್ನು ಗೌರವಿಸಿ ಕಾದಿರುವದನ್ನು ಆ ಮಕ್ಕಳು ಅಲ್ಲಿ ಕಲಿಯುವರು.