ಹೊರಗೆ ಮಲಗುವ ನಾಯಿಯ ಚಳಿಗಾಲದ ಆರೈಕೆ

ಮನೆಯವರೆಲ್ಲರೂ ಕದವಿಕ್ಕಿಕೊಂಡು, ಕಂಬಳಿ ಹೊದೆದು ಮಲಗಿದ ಬಳಿಕ ಅಂಗಳದಲ್ಲಿ ಎಚ್ಚತ್ತಿರುವ ಪ್ರಾಣಿಯೊಂದುಂಟು. ಅದೇ ನಮ್ಮ ಕಾವಲುನಾಯಿ. “ಮೈತುಂಬ ಕೂದಲುಳ್ಳ ನಾಯಿಗೆ ಚಳಿಯೆಲ್ಲಿಯದು?” ಎಂದು ಹೇಳುವುದು ಅನೇಕರ ವಾಡಿಕೆ. ಈ ಮಾತು ನಿಜವಲ್ಲವೆಂಬುದನ್ನೂ, ಅಲ್ಪ ವೆಚ್ಚದಿಂದಲೇ ಆ ಮೂಕಪ್ರಾಣಿಯನ್ನು ಕಾಪಾಡಬಹುದೆಂಬುದನ್ನೂ ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸುವುದೇ ಈ ಪಾಠದ ಉದ್ದೇಶವು.

ಆರೋಗ್ಯವಂತ ನಾಯಿಯ ಮೈಶಾಖವು ಸುಮಾರು ೩೮ರಿಂದ ೩೯ ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಅಂದರೆ ನಮ್ಮದಕ್ಕಿಂತ ತುಸು ಹೆಚ್ಚು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೀದರ, ವಿಜಯಪುರಗಳ ಕಡೆಯ ಬಯಲಿನಲ್ಲಿ ಬೆಳಗಿನ ಜಾವದ ಶಾಖವು ಕೆಲವು ದಿನ ೧೦ ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಇಷ್ಟು ಅಂತರವಿರುವಾಗ ಮೈಯ ಶಾಖವನ್ನು ಹಿಡಿದಿಡಲು ತಕ್ಕ ಹೊದಿಕೆ ಬೇಕು. ಹಿಮಾಲಯದ ಕುರಿಕಾಯುವ ನಾಯಿಗೆ ಒಳಗೆ ಮೃದುವಾದ ತುಪ್ಪಟ, ಹೊರಗೆ ಒರಟು ಕೂದಲು, ಹೀಗೆ ಎರಡು ಪದರಗಳಿವೆ. ನಮ್ಮ ಮುಧೋಳದ ಬೇಟೆನಾಯಿಯನ್ನಾದರೋ ನೋಡಿರಿ. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆಯವರು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿ ಗೌರವಿಸಿದರು. ಆದರೆ ಓಟಕ್ಕೆ ಒಗ್ಗಿದ ಅದರ ಮೈಯಲ್ಲಿ ಕೊಬ್ಬು ಸ್ವಲ್ಪ, ಕೂದಲು ಗಿಡ್ಡ. ನಮ್ಮ ಬೀದಿಗಳ ಸಾಮಾನ್ಯ ನಾಯಿಗಳಿಗೂ ಕೂದಲು ಗಿಡ್ಡವೇ.

ಮೈಶಾಖವನ್ನು ಕದಿಯುವ ಕಳ್ಳರು ಮೂವರು: ತಣ್ಣನೆಯ ನೆಲ, ಬೀಸುವ ಗಾಳಿ, ಮೈ ನೆನೆಸುವ ಇಬ್ಬನಿ. ನಮ್ಮ ಮನೆಯ ಕಳ್ಳರನ್ನು ನಾಯಿಯು ತಡೆಯುತ್ತದೆ. ಅದರ ಕಳ್ಳರನ್ನು ನಾವು ತಡೆಯತಕ್ಕದ್ದು.

ನಾಯಿಗೂಡಿಗೆ ಹಳೆಯ ಮರದ ಪೆಟ್ಟಿಗೆಯೊಂದು ಸಾಕು. ಅದು ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಗೂಡಿನೊಳಗೆ ಬೇರೆ ಒಲೆಯಿಲ್ಲ. ನಾಯಿಯ ಮೈಯೇ ಅದರ ಒಲೆ. ಆದುದರಿಂದ ಅದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬೇಕಾದಷ್ಟೇ ಸ್ಥಳವಿರಬೇಕು. ಪೆಟ್ಟಿಗೆಯ ನಾಲ್ಕು ಮೂಲೆಗಳಿಗೂ ಇಟ್ಟಿಗೆಗಳನ್ನು ಕೊಟ್ಟು ನೆಲದಿಂದ ಎತ್ತರಿಸತಕ್ಕದ್ದು. ಚಳಿಗಾಲದಲ್ಲಿ ನಮ್ಮ ಸೀಮೆಯ ಗಾಳಿಯು ಹೆಚ್ಚಾಗಿ ಮೂಡಣದಿಂದಲೂ ಈಶಾನ್ಯದಿಂದಲೂ ಬೀಸುವುದರಿಂದ ಬಾಗಿಲು ದಕ್ಷಿಣಕ್ಕೋ ಪಶ್ಚಿಮಕ್ಕೋ ಇರಲಿ; ಅದಕ್ಕೆ ಗೋಣಿಯ ಪರದೆಯೊಂದನ್ನು ಇಳಿಬಿಡಿರಿ. ಉಸಿರಿನ ತೇವವು ಹೊರಹೋಗಲು ಛಾವಣಿಯ ಕೆಳಗೆ ಗಾಳಿಗೆ ಮರೆಯಾದ ಕಡೆ ಸಣ್ಣ ರಂಧ್ರವಿರಬೇಕು. ಬರಿಯ ತಗಡಿನ ಛಾವಣಿಯು ರಾತ್ರಿ ಬೇಗ ತಣ್ಣಗಾಗುತ್ತದೆ. ಅದರ ಕೆಳಗೆ ಹಲಗೆ ಹೊಡೆಯುವುದು ಒಳ್ಳೆಯದು.

ಹಾಸಿಗೆಗೆ ಒಣಗಿದ ಭತ್ತದ ಹುಲ್ಲು ಬಹಳ ಯೋಗ್ಯವಾದುದು. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಹಿಡಿದಿಡುತ್ತದೆ. ನಾಯಿಯು ಅದನ್ನು ಕೆದರಿ ಗುಳಿಮಾಡಿಕೊಂಡು ಮಲಗುತ್ತದೆ. ಹತ್ತಿಯ ಹಳೆಯ ದುಪ್ಪಟಿಯಾದರೋ ಇಬ್ಬನಿಯನ್ನು ಹೀರಿ ಮೈಗೆ ತಣ್ಣೀರಿನ ಪಟ್ಟಿಯಂತಾಗುವುದು. ತೆಳುವಾದರೂ ಒಣಗಿದ ಹಾಸಿಗೆಯು ದಪ್ಪನೆಯ ಒದ್ದೆ ಹಾಸಿಗೆಗಿಂತ ಮೇಲು. ಹುಲ್ಲನ್ನು ಆಗಾಗ ಬಿಸಿಲಿಗೆ ಹರಡಿ, ವಾರಕ್ಕೊಮ್ಮೆ ಬದಲಾಯಿಸಿದರೆ ಉಣ್ಣಿ ಚಿಗಟಗಳೂ ಕಡಮೆಯಾಗುವುವು.

ಹೊರಗಿರುವ ನಾಯಿಯು ಮೈ ಕಾಯಿಸಿಕೊಳ್ಳಲು ಹೆಚ್ಚು ಆಹಾರವನ್ನು ವೆಚ್ಚಮಾಡುತ್ತದೆ. ಆದುದರಿಂದ ಸಂಜೆಯ ರೊಟ್ಟಿಯನ್ನೋ ಮುದ್ದೆಯನ್ನೋ ತುಸು ಹೆಚ್ಚಿಸಿ, ಸಾಧ್ಯವಿದ್ದರೆ ಬೇಯಿಸಿದ ಮೊಟ್ಟೆ, ಮಾಂಸಗಳನ್ನು ಕೂಡಿಸಿರಿ. ಈರುಳ್ಳಿ ಬೆಳ್ಳುಳ್ಳಿ ಬೆರೆತ ಸಾರನ್ನು ಹಾಕಬಾರದು. ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತವೆ. ಚಳಿಯಲ್ಲಿಯೂ ನೀರು ಬೇಕೆಂಬುದನ್ನು ಮರೆಯದಿರಿ. ಸಂಜೆಯ ಹೊತ್ತು ಸ್ನಾನಮಾಡಿಸಬೇಡಿರಿ.

ಬೆಚ್ಚಗಿಡಬೇಕೆಂಬ ಆತುರದಲ್ಲಿ ಅಪಾಯವನ್ನು ತಂದುಕೊಳ್ಳುವವರೂ ಉಂಟು. ಗೂಡಿನೊಳಗೆ ಕೆಂಡದ ಮಡಕೆಯನ್ನಿಟ್ಟರೆ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ವಿಷಾನಿಲವು ತುಂಬಿ ನಾಯಿಯು ನಿದ್ರೆಯಲ್ಲಿಯೇ ಸಾಯಬಹುದು. ಹುಲ್ಲಿಗೆ ಬೆಂಕಿಯೂ ತಗುಲೀತು. ನೀರೊಲೆಯ ಬೂದಿಯನ್ನು ಸುರಿದ ಕಡೆ ನಾಯಿಗಳು ಬೆಚ್ಚಗೆ ಮಲಗಲು ಹೋಗುತ್ತವೆ. ಒಳಗೆ ಕೆಂಡ ಉಳಿದಿದ್ದರೆ ಮೈ ಸುಡುವುದು. ಆದುದರಿಂದ ಬೂದಿಗೆ ನೀರು ಚಿಮುಕಿಸಿರಿ. ಮೋಟಾರಿನ ಬಿಸಿಗಾಗಿ ಅದರ ಕೆಳಗೆ ಮಲಗುವುದೂ ಉಂಟು. ಬೆಳಗ್ಗೆ ಹೊರಡಿಸುವ ಮೊದಲು ಬಗ್ಗಿ ನೋಡಿ, ತಟ್ಟಿ ಸದ್ದುಮಾಡತಕ್ಕದ್ದು. ಸರಪಣಿಯಿದ್ದರೆ ಅದು ಗೂಡಿನ ಒಳಗಿನವರೆಗೂ ಸಲೀಸಾಗಿ ಮುಟ್ಟುವಷ್ಟು ಉದ್ದವಿರಬೇಕು.

ಈಗ ಹೇಳುವುದನ್ನು ವಿಶೇಷವಾಗಿ ಮನಸ್ಸಿನಲ್ಲಿಡಿರಿ. ನಡುಗುವುದು, ಮುದುಡಿಕೊಳ್ಳುವುದು, ಕುಂಯ್‌ಗುಟ್ಟುವುದು ಚಳಿಯ ಮೊದಲ ಲಕ್ಷಣಗಳು. ಆದರೆ ತಣ್ಣಗಾದ ನಾಯಿಯು ಮಂಕಾಗಿ, ನಡೆಯುವಾಗ ತಡವರಿಸಿ, ಅದರ ನಡುಕವು ನಿಂತುಹೋದರೆ “ಸದ್ಯ, ಚಳಿ ಬಿಟ್ಟಿತು” ಎಂದು ಸಮಾಧಾನಪಡಬಾರದು. ಮೈಯು ಶಾಖವನ್ನು ಹುಟ್ಟಿಸುವ ಶಕ್ತಿಯನ್ನೇ ಕಳೆದುಕೊಂಡಿತೆಂದು ಅದರ ಅರ್ಥ. ಪ್ರಾಣಕ್ಕೆ ಅಪಾಯ ಬಂದಿದೆ. ಕೂಡಲೇ ಅದನ್ನು ಒಳಗೆ ತಂದು, ಮೈಯೊರಸಿ, ಕಂಬಳಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಎದೆಹೊಟ್ಟೆಗಳ ಪಕ್ಕದಲ್ಲಿಡಿರಿ. ಬೆಂಕಿಯ ಬಳಿಗೆ ಎಳೆಯಬೇಡಿರಿ, ಬಾಯಿಗೆ ಬಲವಂತವಾಗಿ ಹಾಲನ್ನಾಗಲಿ ಮದ್ಯವನ್ನಾಗಲಿ ಹೊಯ್ಯಬೇಡಿರಿ, ಪಶುವೈದ್ಯರಿಗೆ ಹೇಳಿಕಳುಹಿಸಿರಿ. ಎಳೆಯ ಮರಿಗಳಿಗೆ ಮೊದಲಿನ ವಾರಗಳಲ್ಲಿ ನಡುಗುವ ಶಕ್ತಿಯೇ ಇರುವುದಿಲ್ಲ. ಆದಕಾರಣ ಮರಿಗಳನ್ನೂ, ಮುದಿನಾಯಿಯನ್ನೂ, ರೋಗಿಯನ್ನೂ ಚಳಿಯ ರಾತ್ರಿಗಳಲ್ಲಿ ಪಡಸಾಲೆಯ ಮೂಲೆಗಾದರೂ ಸೇರಿಸಿಕೊಳ್ಳತಕ್ಕದ್ದು.

ಇದು ಬರಿಯ ದಯೆಯ ಮಾತಲ್ಲ. ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆಗಳನ್ನು ಕೊಡದಿರುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವು. ಆದರೆ ಕಾಯಿದೆಯ ಭಯಕ್ಕಿಂತ ನಮ್ಮ ಕಣ್ಣೇ ನಮಗೆ ಹೆಚ್ಚು ನೆರವಾಗಬೇಕು.

ವಿದ್ಯಾರ್ಥಿನಿಯರೇ, ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ. ರಾತ್ರಿ ಊಟವಾದ ಮೇಲೆ ನಿಮ್ಮ ನಾಯಿ ಮಲಗುವ ನೆಲದ ಮೇಲೆ ಅಂಗೈಯನ್ನು ಊರಿ, ನೂರು ಎಣಿಸುವ ತನಕ ಹಾಗೆಯೇ ಇಡಿರಿ. ಗೂಡು ಬೇಕೋ ಬೇಡವೋ ಎಂಬುದಕ್ಕೆ ಉತ್ತರವನ್ನು ನಿಮ್ಮ ಕೈಯೇ ಹೇಳುವುದು.