ಕೆಂಪು ದೀಪ ಒಂದೆಡೆ, ದೋಷ ಇನ್ನೊಂದೆಡೆ

ಬೆಂಗಳೂರಿನ ಪೂರ್ವದಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರಕ್ಕೆ ಆ ಹೆಸರನ್ನು ತಂದುದು 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ. ದೂರವಾಣಿಗಳಲ್ಲದೆ ಮೈಕ್ರೋವೇವ್ ರೇಡಿಯೋ ಉಪಕರಣಗಳೂ ಅಲ್ಲಿ ತಯಾರಾದವು. ಅಂತಹ ಡಿಜಿಟಲ್ ರೇಡಿಯೋ ನಿಲಯದ ಎಚ್ಚರಿಕೆ ದೀಪಗಳನ್ನು ಓದುವ ಬಗೆಯನ್ನು ನಾವಿಲ್ಲಿ ತಿಳಿಯೋಣ.

ಹಲಸೂರಿನಲ್ಲಿ ಒಂದು, ಕೃಷ್ಣರಾಜಪುರದಲ್ಲಿ ಇನ್ನೊಂದು ನಿಲಯವಿದೆಯೆಂದು ಭಾವಿಸಿರಿ. ದೂರವಾಣಿ ಕೇಂದ್ರದ ತಂತಿಯು ರೇಡಿಯೋವನ್ನು ಕೂಡುವ ಸ್ಥಾನವೇ ಇಂಟರ್‌ಫೇಸ್. ಇ-1 ಎಂಬ ಬಗೆಯ ಇಂಟರ್‌ಫೇಸಿನಲ್ಲಿ ಸೆಕೆಂಡಿಗೆ 20,48,000 ಬಿಟ್‌ಗಳು ಹರಿಯುತ್ತವೆ. 30 ಸಂಭಾಷಣೆಗಳು ಅದರಲ್ಲಿ ಏಕಕಾಲಕ್ಕೆ ಸಾಗುತ್ತವೆ.

ಹಲಸೂರಿನಲ್ಲಿ ಈ ತಂತಿ ಕಳಚಿತೆನ್ನಿ. ಅಲ್ಲಿ ‘ಸಂಕೇತ ನಷ್ಟ’ದ ದೀಪ ಹೊತ್ತುತ್ತದೆ. ರೇಡಿಯೋ ಮಾತ್ರ ಸುಮ್ಮನಿರದು; ಮಾತಿಗೆ ಬದಲಾಗಿ ಒಂದು, ಒಂದು, ಒಂದು ಎಂದು ಎಡೆಬಿಡದೆ ಒಂದರ ಬಿಟ್‌ಗಳನ್ನೇ ಮುಂದಕ್ಕೆ ಕಳುಹಿಸುತ್ತದೆ. ಇದನ್ನು ಎ.ಐ.ಎಸ್. ಎನ್ನುವರು. ಕೃಷ್ಣರಾಜಪುರದಲ್ಲಿ ಇದು ಕಾಣಿಸಿಕೊಂಡರೆ ‘ದೋಷ ಹಿಂದೆಲ್ಲೋ ಇದೆ, ನಿನ್ನಲ್ಲಿಲ್ಲ’ ಎಂದರ್ಥ. ಇದನ್ನರಿಯದವನು ನೆಟ್ಟಗಿರುವ ಕಾರ್ಡನ್ನು ಕಿತ್ತು, ಅದರಲ್ಲಿ ಸಾಗುತ್ತಿದ್ದ ಇತರರ ಮಾತನ್ನೂ ಕಡಿದುಹಾಕಿಯಾನು!

‘ನೀನು ಕಳುಹಿಸಿದ್ದು ನನಗೆ ತಲುಪುತ್ತಿಲ್ಲ’ ಎಂದು ಆಚೆಯ ತುದಿ ತಿಳಿಸುವ ಎಚ್ಚರಿಕೆಯೂ ಉಂಟು. ಅದು ಕಂಡಾಗ ನಮ್ಮ ಪ್ರೇಷಕದಿಂದಲೇ ಪರೀಕ್ಷೆ ಮೊದಲಾಗಬೇಕು.

ಇನ್ನು ಮಳೆ. 10 ಗಿಗಾಹರ್ಟ್ಸ್‌ಗೂ ಮೇಲಿನ ತರಂಗಗಳನ್ನು ಬಿರುಮಳೆ ಹೀರುತ್ತದೆ, ಚದರಿಸುತ್ತದೆ. ಎರಡೂ ತುದಿಗಳಲ್ಲಿ ಬಂದು ಸೇರುವ ಶಕ್ತಿ ಒಟ್ಟಿಗೆ ಇಳಿದು, ಮಳೆ ನಿಂತೊಡನೆ ಮೊದಲಿನಂತಾದರೆ ಯಾರೂ ಗೋಪುರವೇರಬೇಕಾಗಿಲ್ಲ. ಮಳೆ ನಿಂತ ಮೇಲೂ ಅದು ಏರದಿದ್ದರೆ, ಆಂಟೆನಾ ಅಲುಗಿದೆಯೆ, ಕೇಬಲ್ಲಿನೊಳಗೆ ನೀರು ಹೊಕ್ಕಿದೆಯೆ ಎಂದು ನೋಡತಕ್ಕದ್ದು.