ಆಂಗ್ಲಭಾಷೆಯನ್ನು ಕಿವಿಯಿಂದ ಕಲಿಯುವ ಬಗೆ

ಹೆಬ್ಬೂರಿನಂತಹ ಊರುಗಳಲ್ಲಿ ಕನ್ನಡದಲ್ಲಿಯೇ ವ್ಯಾಸಂಗಮಾಡಿದ ಬಾಲಿಕೆಯರು ಮುಂದೆ ತುಮಕೂರಿನ ಕಾಲೇಜುಗಳನ್ನು ಸೇರಿದಾಗ, ಅವರಿಗೊದಗುವ ಮೊದಲನೆಯ ಕಷ್ಟವು ಓದುವುದರಲ್ಲಲ್ಲ, ಕೇಳುವುದರಲ್ಲಿ. ಪುಸ್ತಕದಲ್ಲಿ ಕಂಡರೆ ತಿಳಿಯುವ ವಾಕ್ಯವೇ ಅಧ್ಯಾಪಕರ ಬಾಯಿಂದ ಬಂದಾಗ ತಿಳಿಯದೆ ಹೋಗುವುದು. ಇದು ಬುದ್ಧಿಯ ಕೊರತೆಯಲ್ಲ; ಕಿವಿಗೆ ಅಭ್ಯಾಸವಿಲ್ಲದುದರ ಫಲ.

ಇದಕ್ಕೆ ಕಾರಣಗಳೆರಡು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತಗಳು. ಆದುದರಿಂದಲೇ ನಾವು ಬಸ್ ಎಂಬುದನ್ನು ಬಸ್ಸು ಎಂದೂ, ಲೈಟ್ ಎಂಬುದನ್ನು ಲೈಟು ಎಂದೂ ಹೇಳುತ್ತೇವೆ. ಸ್ವರಕ್ಕೆ ಒಗ್ಗಿದ ಕಿವಿಯು ಕಡೆಯ ವ್ಯಂಜನವನ್ನು ಕೈಬಿಡುವುದುಂಟು. 'ವಾಕ್' ಎಂದರೆ ನಡೆ, 'ವಾಕ್ಟ್' ಎಂದರೆ ನಡೆದನು. ಆ ಟಕಾರವು ಕೇಳಿಸದಿದ್ದರೆ ಕಾಲವೇ ತಪ್ಪುವುದು. ಎರಡನೆಯದಾಗಿ, ಇಂಗ್ಲಿಷಿನಲ್ಲಿ ಮುಖ್ಯಪದಗಳನ್ನು ಒತ್ತಿ ನುಡಿದು, ಸಣ್ಣ ಪದಗಳನ್ನು ನುಂಗಿಬಿಡುವರು. 'ಕಪ್ ಆಫ್ ಟೀ' ಎಂಬುದು 'ಕಪ್ಪಟೀ' ಎಂದು ಕೇಳಿಸುವುದು ಇದರಿಂದಲೇ.

ಧ್ವನಿಯನ್ನು ದೂರಕ್ಕೆ ಕಳುಹುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿಯೇ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಬಿ.ಬಿ.ಸಿ. ಸಂಸ್ಥೆಯವರು 1943ರಲ್ಲಿ ಬಾನುಲಿಯ ಮೂಲಕ ಇಂಗ್ಲಿಷ್ ಪಾಠಗಳನ್ನು ಆರಂಭಿಸಿದರು. ಆದರೆ ಬಾನುಲಿಯ ಮಾತು ಒಮ್ಮೆ ಹೋದರೆ ಹೋದಂತೆಯೇ. ಇಂದು ಅದೇ ಸಂಸ್ಥೆಯ ಪಾಠಗಳು ಯೂಟ್ಯೂಬಿನಲ್ಲಿ ದೊರೆಯುತ್ತವೆ. ಅವನ್ನು ತಡೆದು ನಿಲ್ಲಿಸಬಹುದು, ಹಿಂದಕ್ಕೆ ತರಬಹುದು, ಮುಕ್ಕಾಲು ವೇಗದಲ್ಲಿಯೂ ಕೇಳಬಹುದು. ಕಲಿಯುವವಳಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಅಭ್ಯಾಸದ ಕ್ರಮವು ಹೀಗಿರಲಿ. ಒಂದು ನಿಮಿಷದ ಮಾತನ್ನು ಮಾತ್ರ ಆರಿಸಿಕೊಳ್ಳಿರಿ. ತೆರೆಯ ಕೆಳಗೆ ಮೂಡುವ ಬರಹವನ್ನು ಮರೆಮಾಡಿ ಎರಡು ಬಾರಿ ಕೇಳಿರಿ. ಮೂರನೆಯ ಬಾರಿ ನಿಲ್ಲಿಸಿ ನಿಲ್ಲಿಸಿ ಕೇಳಿದಷ್ಟನ್ನು ಬರೆಯಿರಿ. ಬಳಿಕ ಬರಹವನ್ನು ತೆರೆದು ಹೋಲಿಸಿ, ಬಿಟ್ಟುಹೋದ ಪದಗಳಿಗೆ ಗೆರೆಯೆಳೆಯಿರಿ. ಯಂತ್ರವೇ ಬರೆದುಕೊಟ್ಟ ಬರಹದಲ್ಲಿ ತಪ್ಪುಗಳುಂಟು. ಆದುದರಿಂದ ಪಾಠಮಾಡುವವರೇ ಸಿದ್ಧಪಡಿಸಿದುದು ಲೇಸು. ಕಡೆಗೆ ಆ ಮಾತನ್ನು ಅದೇ ಏರಿಳಿತದಿಂದ ಗಟ್ಟಿಯಾಗಿ ನುಡಿಯಿರಿ. ಮರುದಿನ ಬರಹವಿಲ್ಲದೆ ಪೂರ್ಣವೇಗದಲ್ಲಿ ಕೇಳಿರಿ. ಗೆರೆಯೆಳೆದ ಪದಗಳು ಈಗ ಕೇಳಿಸಿದರೆ ಅಷ್ಟರಮಟ್ಟಿಗೆ ಕಿವಿಯು ಪಳಗಿತೆಂದು ತಿಳಿಯಬಹುದು.

ಗೆಳತಿಯರಿಬ್ಬರು ಕೂಡಿದರೆ ವಾಟ್ಸ್ಆ್ಯಪ್ಪಿನ ಧ್ವನಿಸಂದೇಶವೂ ಸಾಧನವಾಗುವುದು. ಒಬ್ಬಳು ಪಾಠದ ನಾಲ್ಕು ವಾಕ್ಯಗಳನ್ನೋದಿ ಕಳುಹಿಸಲಿ. ಮತ್ತೊಬ್ಬಳು ಕೇಳಿ ಬರೆದು ತೋರಿಸಲಿ. ಮನೆಗೆ ಒಂದೇ ಮೊಬೈಲಿದ್ದರೂ ದಿನಕ್ಕೆ ಹದಿನೈದು ನಿಮಿಷ ದೊರೆತರೆ ಸಾಕು.

ಎಚ್ಚರಿಕೆಯೂ ಅವಶ್ಯಕ. ಈ ಸಾಧನಗಳು ಒಂದು ಚಿತ್ರದ ಹಿಂದೆ ಮತ್ತೊಂದನ್ನು ತಾವಾಗಿಯೇ ಮುಂದಿಡುತ್ತವೆ. ಆರಿಸಿದ ಪಾಠವು ಮುಗಿದೊಡನೆ ಮುಚ್ಚಿಬಿಡತಕ್ಕದ್ದು. ಅಪರಿಚಿತರ ಸಂದೇಶಕ್ಕೆ ಉತ್ತರಕೊಡದೆ ತಾಯಿತಂದೆಗಳಿಗಾಗಲಿ ಉಪಾಧ್ಯಾಯಿನಿಯರಿಗಾಗಲಿ ತಿಳಿಸತಕ್ಕದ್ದು.

ಗಂಟೆಗಟ್ಟಲೆ ಕೇಳಿದುದು ಗಾಳಿಗೆ ಹೋಗಬಹುದು. ಗಮನವಿಟ್ಟು ಕೇಳಿದ ಒಂದು ನಿಮಿಷವು ಉಳಿಯುವುದು. ಈ ಅಭ್ಯಾಸವನ್ನು ಪ್ರೌಢಶಾಲೆಯಲ್ಲಿಯೇ ಮಾಡಿಕೊಂಡ ಬಾಲಿಕೆಯು ಕಾಲೇಜಿನಲ್ಲಿ ಹಿಂದಿನ ಬೆಂಚಿಗೆ ಸರಿಯಬೇಕಾಗಿಲ್ಲ. ಕೇಳಿ ತಿಳಿದು, ಎದ್ದುನಿಂತು ಪ್ರಶ್ನೆ ಮಾಡಬಲ್ಲಳು.